ಪ್ರಶ್ನೆಯೊಳಗಿನ ಮನುಷ್ಯನನ್ನು ಓದುವುದು: ಸಿಕ್ಸ್ತ್ ಫಾರ್ಮ್‌ನಲ್ಲಿ ನನ್ನ ಹೆಲ್ತ್ ಅಂಡ್ ಸೋಶಿಯಲ್ ಕೇರ್

ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ಪರೀಕ್ಷೆ ಮುಗಿದ ಮೇಲೆ ಎರಡು ವರ್ಷದ ಸಿಕ್ಸ್ತ್ ಫಾರ್ಮ್ ಇರುತ್ತದೆ. ಊರಿನ ಲೆಕ್ಕದಲ್ಲಿ ಪಿಯುಸಿ ವಯಸ್ಸು. ನಾನು ಅಲ್ಲಿ ಓದಿದ್ದು ಬಿಟೆಕ್ ಹೆಲ್ತ್ ಅಂಡ್ ಸೋಶಿಯಲ್ ಕೇರ್, ಜೊತೆಗೆ ಎ ಲೆವೆಲ್‌ನಲ್ಲಿ, ಅಂದರೆ ಇಲ್ಲಿ ಹೆಚ್ಚಿನವರು ಯೂನಿವರ್ಸಿಟಿಗೆ ಮೊದಲು ಬರೆಯುವ ಪರೀಕ್ಷೆಗಳಲ್ಲಿ, ಸೈಕಾಲಜಿ ಮತ್ತು ಬಯಾಲಜಿ. ಈ ಬಿಟೆಕ್ ಎಂಜಿನಿಯರಿಂಗಿನ ಬಿ.ಟೆಕ್ ಅಲ್ಲ, ಆರೋಗ್ಯ ಮತ್ತು ಆರೈಕೆಯ ಕೆಲಸಕ್ಕೆ ಹತ್ತಿರವಾದ ಒಂದು ಕೋರ್ಸು. ಈಗ ಮೆಂಟಲ್ ಹೆಲ್ತ್ ನರ್ಸಿಂಗ್ ಓದುತ್ತಿದ್ದೇನೆ. ಇಲ್ಲಿರುವ ಕನ್ನಡದ ಮನೆಗಳಿಂದ ಮಕ್ಕಳು, ಅವರ ಅಪ್ಪ ಅಮ್ಮ ಈ ಕೋರ್ಸಿನ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: "ಮೂರೂ ಎ ಲೆವೆಲ್ ಮಾಡಬಹುದಿತ್ತಲ್ವಾ?" ಡಾಕ್ಟರ್ ಆಗಲೇಬೇಕು ಅನ್ನುವವರು ಹಾಗೇ ಮಾಡಲಿ, ಮೆಡಿಸಿನ್‌ಗೆ ಬೇಕಾದ ವಿಷಯಗಳೇ ಬೇರೆ. ನರ್ಸಿಂಗ್, ಸೋಶಿಯಲ್ ವರ್ಕ್, ಆಕ್ಯುಪೇಷನಲ್ ಥೆರಪಿ ಕಡೆ ಹೋಗುವವರಿಗೆ ಇದು ಒಳ್ಳೆಯ ದಾರಿ. ಎಕ್ಸ್‌ಟೆಂಡೆಡ್ ಸರ್ಟಿಫಿಕೇಟ್ ಅನ್ನುವ ಅಳತೆಯ ಬಿಟೆಕ್ ಒಂದು ಎ ಲೆವೆಲ್‌ಗೆ ಸಮ. ಅದರಲ್ಲಿ ಡಿಸ್ಟಿಂಕ್ಷನ್ ಸ್ಟಾರ್ ಬಂದರೆ ಯೂನಿವರ್ಸಿಟಿ ಅರ್ಜಿಗಳನ್ನು ನೋಡಿಕೊಳ್ಳುವ ಯುಕಾಸ್ ಸಂಸ್ಥೆಯ ಲೆಕ್ಕದಲ್ಲಿ 56 ಪಾಯಿಂಟ್, ಎ ಸ್ಟಾರ್‌ಗೆ ಸಿಗುವಷ್ಟೇ.

ಮೊದಲ ಯೂನಿಟ್ ಮನುಷ್ಯನ ಇಡೀ ಬದುಕಿನ ಬೆಳವಣಿಗೆಯ ಬಗ್ಗೆ. ಹುಟ್ಟಿನಿಂದ ಮುಪ್ಪಿನವರೆಗೆ ದೇಹ, ಬುದ್ಧಿ, ಭಾವನೆ, ಸಂಬಂಧ, ಈ ನಾಲ್ಕೂ ಹೇಗೆ ಬದಲಾಗುತ್ತವೆ ಅಂತ ನೋಡಬೇಕು. ಮಕ್ಕಳ ಯೋಚನೆಯ ಬಗ್ಗೆ ಬರೆದ ಪಿಯಾಜೆ, ತಾಯಿ ಮಗುವಿನ ನಂಟಿನ ಬಗ್ಗೆ ಬರೆದ ಬೌಲ್ಬಿ, ನೋಡಿ ಕಲಿಯುವುದರ ಬಗ್ಗೆ ಬರೆದ ಬಂಡೂರ, ಎಲ್ಲರೂ ಬರುತ್ತಾರೆ. ಸಿದ್ಧಾಂತಗಳನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಆದರೆ ಪರೀಕ್ಷೆಯಲ್ಲಿ ಒಬ್ಬ ವ್ಯಕ್ತಿಯ ಕಥೆ ಕೊಟ್ಟು, ಅವರ ಬಗ್ಗೆಯೇ ಬರೆಯಿರಿ ಅನ್ನುತ್ತಾರೆ. ಉದಾಹರಣೆಗೆ, ಹೆಂಡತಿ ತೀರಿಕೊಂಡ 68 ವರ್ಷದ ಒಬ್ಬರು. ಬದುಕಿನ ಯಾವ ಘಟನೆ ಎಷ್ಟು ಒತ್ತಡ ತರುತ್ತದೆ ಅಂತ ಹೋಮ್ಸ್ ಮತ್ತು ರಾಹೆ 1967ರಲ್ಲಿ ಮಾಡಿದ ಅಳತೆಯಲ್ಲಿ ಸಂಗಾತಿಯ ಸಾವಿಗೆ 100 ಅಂಕ, ಪಟ್ಟಿಯಲ್ಲೇ ಜಾಸ್ತಿ. ಅಷ್ಟು ಬರೆದು ನಿಲ್ಲಿಸಿದರೆ ಅರ್ಧ ಉತ್ತರ.

ನಾನು ಬರೆಯಲು ಶುರುಮಾಡುವ ಮೊದಲು ಪುಟದ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಇವರು ಯಾರು? ಏನು ಬದಲಾಯಿತು? ಸುತ್ತ ಯಾರಿದ್ದಾರೆ? ದಿನ ಹೇಗೆ ಕಳೆಯುತ್ತದೆ? ಆಮೇಲೆ ಉತ್ತರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಡುಗೆ ಮಾಡುತ್ತಿದ್ದವರು ಹೆಂಡತಿ, ಹಾಗಾಗಿ ಅವರೀಗ ಸರಿಯಾಗಿ ಊಟ ಮಾಡುತ್ತಿಲ್ಲ, ತೂಕ ಇಳಿಯುತ್ತದೆ. ಗೆಳೆಯರ ಮನೆಗೆ ಯಾವಾಗಲೂ ಜೋಡಿಯಾಗಿ ಹೋಗುತ್ತಿದ್ದರು, ಈಗ ಒಬ್ಬರೇ ಹೋಗಲು ಮನಸ್ಸಿಲ್ಲ. ದುಃಖ ಮನಸ್ಸಿನಿಂದ ದೇಹಕ್ಕೆ, ದೇಹದಿಂದ ಸಂಬಂಧಗಳಿಗೆ ಇಳಿಯುವುದನ್ನು ತೋರಿಸಿದರೆ ಅಂಕ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಮನುಷ್ಯ ನಿಮಗೆ ಕಾಣಿಸುತ್ತಾರೆ.

ಇದೇ ಯೂನಿಟ್‌ನಲ್ಲಿ ಮುಪ್ಪಿನ ಬಗ್ಗೆ ಎರಡು ವಾದ ಬರುತ್ತವೆ. ವಯಸ್ಸಾದವರು ಸಮಾಜದಿಂದ ಮೆಲ್ಲಗೆ ಹಿಂದೆ ಸರಿಯುವುದು ಸಹಜ ಅಂತ ಕಮ್ಮಿಂಗ್ ಮತ್ತು ಹೆನ್ರಿ 1961ರಲ್ಲಿ ಹೇಳಿದರು. ಕೆಲಸ, ಒಡನಾಟ ಇದ್ದರೇ ಮುಪ್ಪು ಚೆನ್ನ ಅನ್ನುವುದು ಇನ್ನೊಂದು ವಾದ. ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಮ್ಮಜ್ಜಿ ಹಾಸನದಿಂದ ಬಂದು ನಮ್ಮ ಜೊತೆ ಇದ್ದಾಗ ದಿನವಿಡೀ ಮನೆಯಲ್ಲೇ ಇರುತ್ತಿದ್ದರು. ನೋಡಿದವರಿಗೆ ಹಿಂದೆ ಸರಿದಂತೆ ಕಾಣುತ್ತಿತ್ತು. ನಿಜವಾಗಿ ಅವರಿಗೆ ಬಸ್ಸಿನ ವ್ಯವಸ್ಥೆ ಗೊತ್ತಿರಲಿಲ್ಲ, ಇಂಗ್ಲಿಷ್ ಬರುತ್ತಿರಲಿಲ್ಲ, ಚಳಿಗೆ ಮಂಡಿ ಹಿಡಿಯುತ್ತಿತ್ತು. ಫೋನ್ ಕೈಗೆ ಕೊಟ್ಟರೆ ಊರಿನ ಅರ್ಧ ಬೀದಿಯ ಜೊತೆ ಮಾತಾಡುತ್ತಿದ್ದರು. ಹಿಂದೆ ಸರಿಯುವುದೇ ಬೇರೆ, ಬಾಗಿಲು ಮುಚ್ಚಿರುವುದೇ ಬೇರೆ. ಇಪಿಕ್ಯೂ ಅಂತ 5,000 ಪದಗಳ ಸ್ವಂತ ಪ್ರಾಜೆಕ್ಟ್ ಮಾಡುವ ಅವಕಾಶ ಇಲ್ಲಿದೆ. ನಾನು ಅದಕ್ಕೆ ಇದನ್ನೇ ಆರಿಸಿಕೊಂಡೆ: ವಲಸೆ ಬಂದ ಹಿರಿಯರ ಒಂಟಿತನ.

ಕಾನೂನಿನ ಪಾಠ ಒಣಗಿದ್ದು ಅಂತ ಗೆಳೆಯರು ಹೇಳುತ್ತಿದ್ದರು. ನನಗಂತೂ ಇಡೀ ಕೋರ್ಸಿನಲ್ಲಿ ಜಾಸ್ತಿ ಯೋಚಿಸುವಂತೆ ಮಾಡಿದ್ದು 2005ರ ಮೆಂಟಲ್ ಕೆಪಾಸಿಟಿ ಆಕ್ಟ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 16 ವರ್ಷ ತುಂಬಿದವರಿಗೆ ಅನ್ವಯಿಸುವ ಕಾನೂನು. ಸಾಮರ್ಥ್ಯ ಇಲ್ಲವೆಂದು ಸಾಬೀತಾಗುವವರೆಗೆ ಪ್ರತಿಯೊಬ್ಬರಿಗೂ ತಮ್ಮ ನಿರ್ಧಾರ ತಾವೇ ಮಾಡುವ ಶಕ್ತಿ ಇದೆ ಅಂತಲೇ ನಂಬಬೇಕು. ನಿರ್ಧಾರ ನಮಗೆ ಜಾಣತನದ್ದಲ್ಲ ಅನಿಸಿತು ಅಂದ ಮಾತ್ರಕ್ಕೆ ಅವರಿಗೆ ಶಕ್ತಿ ಇಲ್ಲ ಅನ್ನುವಂತಿಲ್ಲ.

ಶನಿವಾರ ನಾನು ಒಂದು ಕೇರ್ ಹೋಮ್‌ನಲ್ಲಿ, ಅಂದರೆ ಆರೈಕೆ ಬೇಕಾದವರು ಉಳಿದುಕೊಳ್ಳುವ ಮನೆಯಲ್ಲಿ, ವಾಲಂಟಿಯರ್ ಆಗಿದ್ದೆ. ಸ್ನಾನ, ಔಷಧಿ ನನ್ನ ಕೆಲಸವಲ್ಲ. ಟೀ ಕೊಡುವುದು, ಪೇಪರ್ ಓದಿ ಹೇಳುವುದು, ಸುಮ್ನೆ ಜೊತೆಗೆ ಕೂರುವುದು. ಅಲ್ಲಿ ಸಕ್ಕರೆ ಕಾಯಿಲೆ ಇದ್ದ ಒಬ್ಬರು ಟೀಗೆ ಎರಡು ಚಮಚ ಸಕ್ಕರೆ ಕೇಳುತ್ತಿದ್ದರು. ನಮ್ಮ ಮನೆಯಲ್ಲಾದರೆ ಡಬ್ಬಿಯನ್ನೇ ಎತ್ತಿಡುತ್ತಾರೆ, ಅಲ್ವಾ? ಅಲ್ಲಿಯ ಹಿರಿಯ ಕೇರರ್ ಹಾಗೆ ಮಾಡಲಿಲ್ಲ. ಪಕ್ಕದಲ್ಲಿ ಕೂತು ಸಕ್ಕರೆಯಿಂದ ಏನಾಗುತ್ತದೆ ಅಂತ ನಿಧಾನವಾಗಿ ಹೇಳಿದರು, ಅವರಿಗೆ ಅರ್ಥವಾಯಿತಾ ಅಂತ ಕೇಳಿದರು, ಬೇರೆ ಸಿಹಿ ತೋರಿಸಿದರು. ಅವರು ಆದರೂ ಒಂದು ಚಮಚ ಬೇಕು ಅಂದರು. ಕೇರರ್ ಒಂದು ಚಮಚ ಹಾಕಿ, ನಡೆದದ್ದನ್ನು ಕೇರ್ ಪ್ಲಾನ್‌ನಲ್ಲಿ ಬರೆದು, ನರ್ಸಿಗೆ ತಿಳಿಸಿದರು. ಪ್ರೀತಿ ಇರುವ ಕಡೆಯೇ ನಾವು ಕೇಳುವುದನ್ನು ಬಿಟ್ಟುಬಿಡುತ್ತೇವೆ ಅಂತ ನನಗೆ ಅಲ್ಲಿ ಅನಿಸಿತು. ಆಮೇಲೆ ಅಜ್ಜಿಗೆ ಶಾಲು ಹೊದಿಸುವ ಮೊದಲೂ "ಚಳಿ ಆಗ್ತಿದೆಯಾ ಅಜ್ಜಿ?" ಅಂತ ಕೇಳಲು ಶುರುಮಾಡಿದೆ.

ಸೈಕಾಲಜಿಯಲ್ಲಿ ಫೋಬಿಯಾ, ಖಿನ್ನತೆ, ಒಸಿಡಿ (ಬೇಡವೆಂದರೂ ಅದೇ ಯೋಚನೆ, ಅದೇ ಕೆಲಸ ಮತ್ತೆ ಮತ್ತೆ ಬರುವ ತೊಂದರೆ) ಓದಿದೆವು. ಅದಕ್ಕೂ ಮೊದಲು ಬರುವ ಪ್ರಶ್ನೆ, ಯಾವುದನ್ನು ಅಸಹಜ ಅನ್ನಬೇಕು? ಸಮಾಜದ ರೂಢಿಗೆ ಹೊರತಾದದ್ದು ಅಂದರೆ, ಯಾರ ಸಮಾಜ? ತೀರಿಕೊಂಡ ತಾತನ ಧ್ವನಿ ಕೇಳಿಸಿತು ಅಂತ ಅಜ್ಜಿ ಹೇಳಿದರೆ ನಮ್ಮಲ್ಲಿ ಯಾರೂ ಬೆಚ್ಚುವುದಿಲ್ಲ. ಇಲ್ಲಿ ಅದೇ ಮಾತು ಒಂದು ಲಕ್ಷಣವಾಗಿ ದಾಖಲಾಗಬಹುದು. ಆದ್ದರಿಂದ ಅವರ ದಿನದ ಬದುಕು ನಡೆಯುತ್ತಿದೆಯಾ, ಅವರಿಗೆ ಅದರಿಂದ ಸಂಕಟವಾ ಅಂತ ಕೇಳುವುದು ನನಗೆ ಹೆಚ್ಚು ನ್ಯಾಯ ಅನಿಸುತ್ತದೆ.

ತರಗತಿಯಲ್ಲಿ ಇಲ್ಲಿಯ 1983ರ ಮೆಂಟಲ್ ಹೆಲ್ತ್ ಆಕ್ಟ್ ಓದುವಾಗ ಭಾರತದ 2017ರ ಮೆಂಟಲ್ ಹೆಲ್ತ್‌ಕೇರ್ ಆಕ್ಟನ್ನು ಪಕ್ಕದಲ್ಲಿಟ್ಟು ನೋಡಿದೆ. ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಅಂತ ಮೊದಲೇ ಬರೆದಿಡುವ ಹಕ್ಕು ಭಾರತದ ಆ ಕಾನೂನಿನಲ್ಲಿದೆ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ಪ್ರಯೋಗ ಮಾಡಿ, ಆಮೇಲೆ ಅದು ದೇಶಕ್ಕೇ ಮಾದರಿಯಾಯಿತು. ಇದನ್ನು ತರಗತಿಯಲ್ಲಿ ಹೇಳುವಾಗ ತುಂಬಾ ಹೆಮ್ಮೆಯಾಯಿತು.

ಓದಿದ್ದು ಪರೀಕ್ಷೆಗೆ ಮೊದಲೇ ಕೆಲಸಕ್ಕೆ ಬಂತು. ಗೆಳತಿಯೊಬ್ಬಳು "ಯಾರಿಗೂ ಹೇಳಲ್ಲ ಅಂತ ಮಾತು ಕೊಡು" ಅಂತ ಶುರುಮಾಡಿದಳು. ಆ ಮಾತು ನಾನು ಕೊಡಲಿಲ್ಲ. ನಿನ್ನ ಜೀವಕ್ಕೆ ಅಪಾಯ ಅನಿಸಿದರೆ ಒಬ್ಬ ದೊಡ್ಡವರಿಗೆ ಹೇಳಬೇಕಾಗುತ್ತೆ, ನಿನ್ನ ಜೊತೆಗೇ ಬರ್ತೀನಿ ಅಂದೆ. ಸಾಯಬೇಕು ಅನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮಾತಾಡಲು ದಾರಿಯಾಗುತ್ತದೆ. ಇಬ್ಬರೂ ಶಾಲೆಯ ಸೇಫ್‌ಗಾರ್ಡಿಂಗ್ ಲೀಡ್, ಅಂದರೆ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಸಿಬ್ಬಂದಿಯ ಹತ್ತಿರ ಹೋದೆವು. ಇಂಗ್ಲೆಂಡಿನ ಪ್ರತಿ ಶಾಲೆಯಲ್ಲೂ ಅಂಥವರು ಇರಲೇಬೇಕು. ಸಹಾಯ ಬೇಕಾದರೆ ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ 111, ಸಂಕಟದಲ್ಲಿರುವವರ ಮಾತು ಕೇಳುವ ಸಮಾರಿಟನ್ಸ್ ಸಂಸ್ಥೆಯ 116 123 ಯಾವ ಹೊತ್ತಿನಲ್ಲೂ ಫೋನಿನಲ್ಲಿ ಸಿಗುತ್ತವೆ. ಭಾರತದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ಸೇರುವವರಿಗೆ ಎರಡು ಮಾತು. ನಾನು ಓದಿದ್ದು ಹಳೆಯ ಸಿಲಬಸ್, ನಿಮ್ಮ ಕಾಲೇಜಿನಲ್ಲಿ ಯಾವುದಿದೆ ಕೇಳಿ. ಬೇಕಾದ ಯೂನಿವರ್ಸಿಟಿಯ ಪುಟದಲ್ಲಿ ಬಿಟೆಕ್ ಒಪ್ಪುತ್ತಾರಾ ಅಂತ ಅರ್ಜಿಗೆ ಮೊದಲೇ ನೋಡಿಕೊಳ್ಳಿ. ವಾಲಂಟಿಯರ್ ಕೆಲಸಕ್ಕೆ ಡಿಬಿಎಸ್ ಪರಿಶೀಲನೆ, ಅಂದರೆ ಅಪರಾಧದ ದಾಖಲೆ ಇದೆಯಾ ಅಂತ ನೋಡುವ ಪರಿಶೀಲನೆ, ಕೇಳಬಹುದು. ವಾಲಂಟಿಯರ್‌ಗಳಿಗೆ ಅದಕ್ಕೆ ಸರ್ಕಾರದ ಶುಲ್ಕ ಇಲ್ಲ, ಆದರೆ ಸಮಯ ಹಿಡಿಯುತ್ತದೆ. ಸೆಪ್ಟೆಂಬರ್‌ನಲ್ಲೇ ಅರ್ಜಿ ಹಾಕಿ. ಕೇರ್ ಹೋಮ್‌ನಲ್ಲಿ ಕಂಡದ್ದನ್ನು ಅಸೈನ್‌ಮೆಂಟ್‌ನಲ್ಲಿ ಬಳಸುವಾಗ ಹೆಸರು, ರೂಮ್ ನಂಬರ್, ಊರು ಯಾವುದೂ ಬೇಡ. ಮನೆಗೆ ಬಂದು ಅಮ್ಮನ ಹತ್ತಿರ ಹೇಳುವಾಗಲೂ ಅಷ್ಟೇ.