ಐವತ್ತು ಪೈಸೆಯ ಸ್ತೋತ್ರ

ಧಾರವಾಡದ ನಮ್ಮ ಕ್ರೈಸ್ತ ಸಭೆಯಲ್ಲಿ, ಮಕ್ಕಳಿಗೆ ಬೈಬಲ್ ಪಾಠ ಹೇಳುವ ಭಾನುವಾರ ಶಾಲೆಯ ಕಾರ್ಯದರ್ಶಿಯಾಗಿದ್ದ ವರ್ಷಗಳಲ್ಲಿ, ವಾರ್ಷಿಕ ಸಮಾರಂಭದ ಕೊನೆಗೆ ವಂದನಾರ್ಪಣೆ ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಸಭಾಪಾಲಕರು, ಹಿರಿಯರು, ಗಾಯನ ಮಂಡಳಿ, ಪೆಂಡಾಲಿನವರು, ಮೈಕಿನವರು ಎಂದು ಪಟ್ಟಿ ಓದಿ, ‘ಹೃತ್ಪೂರ್ವಕ’ ಎಂಬ ಪದವನ್ನು ಹತ್ತು ಸಲ ಹೇಳಿ ವೇದಿಕೆ ಇಳಿಯುವಷ್ಟರಲ್ಲಿ ಅರ್ಧ ಜನ ಊಟದ ಸಾಲಿನಲ್ಲಿ ನಿಂತಿರುತ್ತಿದ್ದರು. ಅವರನ್ನು ದೂರಲಾರೆ. ಆ ಪಟ್ಟಿಯಲ್ಲಿ ಒಬ್ಬರ ಹೆಸರಿನ ಜಾಗದಲ್ಲಿ ಇನ್ನೊಬ್ಬರ ಹೆಸರನ್ನಿಟ್ಟು ಓದಿದ್ದರೂ ಏನೂ ವ್ಯತ್ಯಾಸವಾಗುತ್ತಿರಲಿಲ್ಲ.

ಎದುರಿಗೆ ಹೊಗಳಿದರೆ ದೃಷ್ಟಿಯಾಗುತ್ತದೆ ಎಂಬ ಹಳೆಯ ಅಂಜಿಕೆ ಕ್ರೈಸ್ತ ಮನೆಗಳಿಂದಲೂ ಪೂರ್ತಿ ಹೋಗಿಲ್ಲ. ಅದಕ್ಕಿಂತ ಗಟ್ಟಿಯಾಗಿ ನನ್ನ ಬಾಯಿ ಕಟ್ಟಿದ್ದು ಬೇರೊಂದು ವಿಚಾರ: ಮಹಿಮೆಯೆಲ್ಲ ದೇವರಿಗೆ ಸಲ್ಲತಕ್ಕದ್ದು, ಮನುಷ್ಯರನ್ನು ಹೊಗಳಿದರೆ ಅಷ್ಟರಮಟ್ಟಿಗೆ ಅದರಲ್ಲಿ ಕಳವು ಮಾಡಿದಂತೆ ಎಂದು ನಾನು ಬಹುಕಾಲ ನಂಬಿದ್ದೆ.

ಆ ನಂಬಿಕೆ ಸಡಿಲಗೊಂಡದ್ದು, ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರದ 16ನೆಯ ಅಧ್ಯಾಯವನ್ನು ಮಕ್ಕಳಿಗೆ ಪಾಠ ಹೇಳಬೇಕಾಗಿ ಬಂದಾಗ. ಬರಿಯ ಹೆಸರುಗಳೆಂದು ಪ್ರಸಂಗಿಗಳು ದಾಟಿಹೋಗುವ ಅಧ್ಯಾಯವಿದು. ಅಲ್ಲಿ ಪೌಲನು ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರಿಟ್ಟು ವಂದಿಸುತ್ತಾನೆ. ಆದರೆ ನನ್ನ ಪಟ್ಟಿಗೂ ಅವನ ಪಟ್ಟಿಗೂ ಅಜಗಜಾಂತರ. ಪ್ರಿಸ್ಕಳೂ ಅಕ್ವಿಲನೂ ತನಗಾಗಿ ಪ್ರಾಣವನ್ನೇ ಪಣಕ್ಕಿಟ್ಟರು ಎಂದೂ, ಮರಿಯಳು ಆ ಸಭೆಗಾಗಿ ಬಹಳ ದುಡಿದಳು ಎಂದೂ, ರೂಫನ ತಾಯಿ ತನಗೂ ತಾಯಿಯಾಗಿದ್ದಳು ಎಂದೂ ಅವನು ಬಿಡಿಸಿ ಹೇಳುತ್ತಾನೆ. ಪತ್ರವನ್ನು ಕೈಯಾರೆ ಬರೆದುಕೊಟ್ಟ ತೆರ್ತ್ಯನಿಗೂ ತನ್ನ ಸ್ವಂತ ವಂದನೆಯನ್ನು ಸೇರಿಸಲು ಅಲ್ಲಿ ಒಂದು ಸಾಲು ಸಿಕ್ಕಿದೆ. ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಸೆರೆಯಿಂದ ಬರೆದ ಪತ್ರದಲ್ಲಂತೂ, ತಾನು ಥೆಸಲೋನಿಕದಲ್ಲಿದ್ದಾಗ ಅವರು ಒಂದಕ್ಕಿಂತ ಹೆಚ್ಚು ಸಲ ಸಹಾಯ ಕಳುಹಿಸಿದ್ದನ್ನು ಲೆಕ್ಕವಿಟ್ಟು ನೆನೆಯುತ್ತಾನೆ. ಅದೇ ಪತ್ರದ ಮೊದಲಿಗೆ, ನಿಮ್ಮನ್ನು ನೆನೆದಾಗಲೆಲ್ಲ ನನ್ನ ದೇವರಿಗೆ ಸ್ತೋತ್ರ ಸಲ್ಲಿಸುತ್ತೇನೆ ಎಂದಿದ್ದಾನೆ. ಸ್ತೋತ್ರ, ಅಂದರೆ ಕೃತಜ್ಞತೆ, ಸಲ್ಲುವುದು ದೇವರಿಗೆ. ಅದನ್ನು ಕೇಳಿಸಿಕೊಳ್ಳುವವರು ಫಿಲಿಪ್ಪಿಯವರು. ನನ್ನ ಕಳವಿನ ಭಯಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿ.

ಉತ್ತರ ಸಿಕ್ಕ ಹುರುಪಿನಲ್ಲಿ ಮುಂದಿನ ಬೆಳೆ ಹಬ್ಬದಲ್ಲೇ ನಾನು ಎಡವಿದೆ. ಬಡ ಹುಡುಗನೊಬ್ಬನ ಕಾಲೇಜಿನ ಫೀಸನ್ನು ಸದ್ದಿಲ್ಲದೆ ತುಂಬಿದ್ದ ಹಿರಿಯರೊಬ್ಬರ ಹೆಸರನ್ನು, ಅವರು ಮಾಡಿದ್ದನ್ನು ವಿವರವಾಗಿ ಹೇಳಿ, ತುಂಬಿದ ದೇವಾಲಯದಲ್ಲಿ ಕೊಂಡಾಡಿದೆ. ಆರಾಧನೆ ಮುಗಿದ ಮೇಲೆ ಅವರು ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, “ಮಾಸ್ತರ, ನನ್ನ ಎಡಗೈಗೂ ಗೊತ್ತಿರಲಾರದ್ದನ್ನ ನೀವು ಊರಿಗೆಲ್ಲಾ ಸಾರಿದ್ರಿ” ಎಂದರು. ಆ ಹುಡುಗ ಮೂರನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದನ್ನು ನಾನು ಆಮೇಲೆ ನೆನಪಿಸಿಕೊಂಡೆ. ನೆರೆಯವನನ್ನು ಬೆಳಗಿನ ಜಾವ ದೊಡ್ಡ ದನಿಯಲ್ಲಿ ಹರಸಿದರೆ ಅದು ಶಾಪವೆಂದೇ ಎಣಿಸಲ್ಪಡುವುದು ಎಂಬ ಮಾತು ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದ 27ನೆಯ ಅಧ್ಯಾಯದಲ್ಲಿದೆ. ಅದನ್ನು ತಮಾಷೆಯ ಮಾತೆಂದುಕೊಂಡು ಓದುತ್ತಿದ್ದವನು ನಾನು.

ಅಲ್ಲಿಂದ ಮುಂದೆ ಮೈಕನ್ನು ಬಿಟ್ಟು 50 ಪೈಸೆಯ ಅಂಚೆ ಕಾರ್ಡನ್ನು ಹಿಡಿದೆ. ಗುಟ್ಟಾಗಿರಬೇಕಾದದ್ದನ್ನು ಮಾತ್ರ ಇನ್‌ಲ್ಯಾಂಡ್ ಪತ್ರದಲ್ಲಿ ಮಡಚಿ ಕಳುಹಿಸುತ್ತೇನೆ, ಏಕೆಂದರೆ ಕಾರ್ಡನ್ನು ಅಂಚೆಯವನೂ ಓದುತ್ತಾನೆ, ಮನೆಯ ಸೊಸೆಯೂ ಓದುತ್ತಾಳೆ. ಶನಿವಾರ ಸಂಜೆ ಪ್ರಾರ್ಥನೆಗೆ ಕೂರುವಾಗ ಆ ವಾರ ಯಾರಿಂದ ಏನು ಉಪಕಾರವಾಯಿತೆಂದು ನೆನೆದು, ಒಬ್ಬರಿಗೆ ಒಂದು ಕಾರ್ಡು ಬರೆಯುತ್ತೇನೆ. ಗುಣವಿಶೇಷಣಗಳನ್ನು ಬಳಸುವುದಿಲ್ಲ, ಕಂಡದ್ದನ್ನು ಬರೆಯುತ್ತೇನೆ. ‘ನೀವು ತುಂಬಾ ಒಳ್ಳೆಯವರು’ ಎಂದು ಬರೆದರೆ ಅದು ಮುಖಸ್ತುತಿಗೆ ಹತ್ತಿರವಾಗುತ್ತದೆ. ‘ಹೋದ ಭಾನುವಾರ ಮಳೆಯಲ್ಲಿ ನೆನೆದು ಬಂದ ಅಜ್ಜಿಗೆ ನಿಮ್ಮ ಶಾಲು ಹೊದಿಸಿದ್ದನ್ನು ನೋಡಿದೆ, ದೇವರಿಗೆ ಸ್ತೋತ್ರ ಹೇಳಿದೆ’ ಎಂಬುದು ನಡೆದ ಸಂಗತಿ. ಬರೆದ ಮೇಲೆ ಉತ್ತರಕ್ಕೆ ಕಾಯುವುದಿಲ್ಲ, ಆ ಮನೆಯವರಿಂದ ಏನಾದರೂ ಕೆಲಸವಾಗಬೇಕಿದ್ದರೆ ಆ ತಿಂಗಳು ಬರೆಯುವುದೂ ಇಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಮನೆಯವರಿಗೆ ಬರೆಯುವುದು. ನಮ್ಮ ಮನೆಗಳಲ್ಲಿ ಹೆಂಡತಿಗೆ ‘ಥ್ಯಾಂಕ್ಸ್’ ಎಂದರೆ ಪರಕೀಯಳನ್ನಾಗಿ ಮಾಡಿದಂತೆ ಕೇಳಿಸುತ್ತದೆ. ಆದರೂ ಒಮ್ಮೆ ಧೈರ್ಯ ಮಾಡಿ, ನನ್ನ ತಾಯಿ ಹಾಸಿಗೆ ಹಿಡಿದಿದ್ದ ಹದಿನಾಲ್ಕು ತಿಂಗಳು ಆಕೆ ಮಾಡಿದ್ದನ್ನೆಲ್ಲ ಬರೆದು ನಮ್ಮದೇ ವಿಳಾಸಕ್ಕೆ ಕಳುಹಿಸಿದೆ. ಆಕೆ ನಿಂತಲ್ಲೇ ಎರಡು ಸಲ ಓದಿ, “ಇಷ್ಟ ಹೇಳಾಕ ಅಂಚಿ ಬೇಕಾಗಿತ್ತೇನ್ರಿ?” ಎಂದು ಕೇಳಿ ಒಳಗೆ ಹೋದಳು. ಈಗ ಆಕೆಗೆ ಕಾರ್ಡು ಬರೆಯುವುದಿಲ್ಲ. ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ, ಒಲೆಯ ಮುಂದಿರುವ ಆಕೆಗೆ ಕೇಳಿಸುವಷ್ಟು ದನಿಯಲ್ಲಿ, ರೊಟ್ಟಿ ಬಡಿದ ಕೈಗಳಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತೇನೆ.