ಪರದೆಯ ಮೇಲೆ ಸರಿ, ಫ್ಲೆಕ್ಸಿನಲ್ಲಿ ತಪ್ಪು: ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಕೆಲಸ ಮಾಡುವವರಿಗೆ

ಇಂಕ್‌ಸ್ಕೇಪ್ ಎಂಬುದು ವೆಕ್ಟರ್ ಚಿತ್ರ, ಅಂದರೆ ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳ ಚಿತ್ರ ಬಿಡಿಸುವ ತಂತ್ರಾಂಶ. ವೆಕ್ಟರ್ ವಿನ್ಯಾಸದಲ್ಲಿ ಕನ್ನಡದವರಿಗೆ ಹೆಚ್ಚಾಗಿ ಕೈಕೊಡುವುದು ಅಕ್ಷರ. ಅದೂ ಫೈಲು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವ ಹೊತ್ತಿನಲ್ಲಿ. ಶಿರಸಿಯಲ್ಲಿ ಇಂಕ್‌ಸ್ಕೇಪ್‌ನಲ್ಲಿ ಮಾಡಿದ ಯಕ್ಷಗಾನದ ಪೋಸ್ಟರನ್ನು ಕುಮಟಾದ ಪ್ರೆಸ್ಸಿನವರು ಇಂಥದ್ದೇ ಇನ್ನೊಂದು ತಂತ್ರಾಂಶವಾದ ಕೋರೆಲ್‌ಡ್ರಾದ ಹಳೆಯ ಆವೃತ್ತಿಯಲ್ಲಿ ತೆರೆದರೆ ‘ಕೃಷ್ಣಾರ್ಜುನ’ದ ಒತ್ತು ಕಳಚಿ ಪಕ್ಕಕ್ಕೆ ಬಂದಿರುತ್ತದೆ, ಇಲ್ಲವೇ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು. ಇದಕ್ಕೆಲ್ಲ ಕಾರಣಗಳು ಕೆಲವೇ, ಪರಿಹಾರಗಳೂ ಖಚಿತವಾಗಿವೆ. ಇಲ್ಲಿ ಹೇಳಿರುವ ಮೆನು ಮತ್ತು ಕೀಲಿಗಳು ಇಂಕ್‌ಸ್ಕೇಪ್ 1.0 ಹಾಗೂ ಅದರ ನಂತರದವುಗಳಿಗೆ ಹೊಂದುತ್ತವೆ.

ಒತ್ತಕ್ಷರ ಕಳಚುವುದು

ಯುನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತದ ಪದ್ಧತಿ) ‘ಷ್ಣಾ’ ಎಂಬುದು ಷ, ಹಲಂತ, ಣ, ಆ-ಕಾರ ಎಂಬ ನಾಲ್ಕು ಸಂಕೇತಗಳ ಸಾಲು. ಅವನ್ನು ಕೂಡಿಸಿ ಒಂದು ಅಕ್ಷರವಾಗಿ ತೋರಿಸುವುದು ತಂತ್ರಾಂಶದ ಕೆಲಸ. ಇಂಕ್‌ಸ್ಕೇಪ್ ಇದನ್ನು ಸರಿಯಾಗಿಯೇ ಮಾಡುತ್ತದೆ. ಕೋರೆಲ್‌ಡ್ರಾದ ಹಳೆಯ ಆವೃತ್ತಿಗಳಿಗೆ ಇದು ಬರುವುದಿಲ್ಲ, ನಮ್ಮ ಕಡೆಯ ಎಷ್ಟೋ ಪ್ರೆಸ್ಸುಗಳಲ್ಲಿ ಇನ್ನೂ ಅವೇ ಇವೆ. ಹಾಗಾಗಿ ಅಕ್ಷರವನ್ನು ಅಕ್ಷರವಾಗಿ ಕಳಿಸಬೇಡಿ, ಆಕಾರವಾಗಿ ಕಳಿಸಿ.

ಕ್ರಮ ಹೀಗೆ. ಮೊದಲು ಕೆಲಸದ ಫೈಲನ್ನು ಸೇವ್ ಮಾಡಿ. ನಂತರ ಕಂಟ್ರೋಲ್+ಶಿಫ್ಟ್+ಎಸ್ ಒತ್ತಿ ಅದೇ ಹೆಸರಿನ ಕೊನೆಗೆ ‘ಪ್ರೆಸ್’ ಎಂದು ಸೇರಿಸಿ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಈ ಪ್ರತಿಯಲ್ಲಿ ಕಂಟ್ರೋಲ್+ಆಲ್ಟ್+ಎ ಒತ್ತಿದರೆ ಎಲ್ಲ ಲೇಯರುಗಳ ವಸ್ತುಗಳೂ ಆಯ್ಕೆಯಾಗುತ್ತವೆ (ಬರೀ ಕಂಟ್ರೋಲ್+ಎ ಒತ್ತಿದರೆ ಈಗಿರುವ ಲೇಯರ್ ಮಾತ್ರ). ಆಮೇಲೆ ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್, ಅಂದರೆ ಕಂಟ್ರೋಲ್+ಶಿಫ್ಟ್+ಸಿ. ಕೋರೆಲ್‌ಡ್ರಾನಲ್ಲಿ ಇದೇ ಕೆಲಸಕ್ಕೆ ಕಂಟ್ರೋಲ್+ಕ್ಯೂ, ಪ್ರೆಸ್ಸಿನವರು ‘ಕರ್ವ್ ಮಾಡಿ ಕೊಡಿ’ ಎನ್ನುವುದು ಇದನ್ನೇ. ಒಮ್ಮೆ ಕರ್ವ್ ಆದ ಮಾತಿನಲ್ಲಿ ಕಾಗುಣಿತ ತಿದ್ದಲು ಬರುವುದಿಲ್ಲ. ಆದ್ದರಿಂದ ಮೂಲ ಫೈಲು ಬೇರೆಯೇ ಉಳಿಯಬೇಕು. ಜಾತ್ರೆಯ ಹಿಂದಿನ ರಾತ್ರಿ ಅತಿಥಿಯ ಹೆಸರು ಬದಲಾಗುವುದು ಅಪರೂಪವೇನಲ್ಲ.

‘ಹಾರ್ಡ್‌ವೇರ್’ ಎಂದು ಬರೆಯಲು ಹೋಗಿ ‘ಹಾರ್ಡ್ವೇರ್’ ಆಗುತ್ತಿದ್ದರೆ ನಡುವೆ ಕೂಡದಂತೆ ತಡೆಯುವ ಅದೃಶ್ಯ ಅಕ್ಷರವೊಂದು ಬೇಕು. ಟೆಕ್ಸ್ಟ್ ಟೂಲ್‌ನಲ್ಲಿ ಕರ್ಸರನ್ನು ‘ಡ್’ ಆದ ಮೇಲೆ, ‘ವೇ’ಗಿಂತ ಮೊದಲು ಇಟ್ಟು ಕಂಟ್ರೋಲ್+ಯು ಒತ್ತಿ, 200ಸಿ ಎಂಬ ಸಂಕೇತವನ್ನು (ಸಿ ಇಂಗ್ಲಿಷ್ ಅಕ್ಷರ) ಟೈಪಿಸಿ ಎಂಟರ್ ಒತ್ತಿ. ‘ಸೂರ್ಯ’ದಲ್ಲಿ ಅರ್ಕಾವೊತ್ತಿನ ಬದಲು ‘ಸೂರ‍್ಯ’ ಎಂದು ಬೇಕಿದ್ದರೆ ರ ಮತ್ತು ಹಲಂತದ ನಡುವೆ 200ಡಿ ಸಂಕೇತ ಹಾಕಿ.

ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಆಮಂತ್ರಣದ ಮಾತು ಬಂದರೆ ಅದನ್ನು ಇಂಕ್‌ಸ್ಕೇಪಿಗೆ ಅಂಟಿಸಿದ ಕೂಡಲೇ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಕೆಟ್ಟಿಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟುಕೊಂಡಿವೆ, ಅಷ್ಟೇ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅಂಟಿಸಿ. ಪರಿವರ್ತನೆಯ ನಂತರ ಅರ್ಕಾವೊತ್ತು ಇರುವ ಪದಗಳನ್ನೆಲ್ಲ ಒಂದೊಂದಾಗಿ ನೋಡಲೇಬೇಕು: ಧರ್ಮದರ್ಶಿ, ಕಾರ್ಯದರ್ಶಿ, ಕಾರ್ತಿಕ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಇಡುತ್ತಾರೆ, ಯುನಿಕೋಡ್‌ನಲ್ಲಿ ರ-ಕಾರ ಮೊದಲು ಬರಬೇಕು. ಪರಿವರ್ತಕಗಳು ಎಡವುವುದು ಅಲ್ಲೇ.

ಎರಡು ಸಾಲುಗಳ ನಡುವೆ ಒತ್ತು, ದೀರ್ಘಗಳು ಒಂದಕ್ಕೊಂದು ತಾಗುತ್ತಿದ್ದರೆ ಸಾಲಂತರ ಸಾಲದು. ಇಂಕ್‌ಸ್ಕೇಪ್ ತಾನಾಗಿ ಕೊಡುವ 1.25 ಇಂಗ್ಲಿಷಿಗೆ ಸಾಕು. ಕನ್ನಡಕ್ಕೆ 1.4ರಿಂದ 1.5 ಇಡಿ. ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಎಳೆಯಬೇಡಿ. ದೀರ್ಘವೂ ಒತ್ತೂ ಮೂಲ ಅಕ್ಷರವನ್ನು ಬಿಟ್ಟು ದೂರ ಸರಿಯುವ ಅಪಾಯವಿದೆ, ಸರಿಯದಿದ್ದರೂ ಓದಲು ಚೆಂದವಿಲ್ಲ. ಶೀರ್ಷಿಕೆ ಅಗಲ ಕಾಣಬೇಕಿದ್ದರೆ ಅಗಲವಾದ ಫಾಂಟ್ ಹುಡುಕಿ.

ಸ್ಟಿಕರ್ ಕಟಿಂಗ್

ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಹೊತ್ತಿಗೆ ಕಾರವಾರದ ಬೈತಖೋಲದಲ್ಲಿ ದಡ ಸೇರಿದ ಬೋಟಿಗೆ ಹೊಸ ಹೆಸರು ಅಂಟಿಸಬೇಕೆಂದುಕೊಳ್ಳಿ. ಸ್ಟಿಕರ್ ಕತ್ತರಿಸುವ ಪ್ಲಾಟರ್ ಯಂತ್ರಕ್ಕೆ ಬಣ್ಣ ತಿಳಿಯದು, ಗೆರೆ ಮಾತ್ರ ತಿಳಿಯುತ್ತದೆ. ಕನ್ನಡದ ಅನೇಕ ಫಾಂಟುಗಳಲ್ಲಿ ಮೂಲ ಅಕ್ಷರ, ಗುಣಿತದ ಚಿಹ್ನೆ, ಒತ್ತು ಇವು ಬೇರೆ ಬೇರೆ ತುಂಡುಗಳು, ಅಂಚಿನಲ್ಲಿ ಒಂದರ ಮೇಲೊಂದು ಹಾದಿರುತ್ತವೆ. ಪರದೆಯಲ್ಲಿ ಎಲ್ಲವೂ ಒಂದೇ ಬಣ್ಣವಾದ್ದರಿಂದ ಕಾಣುವುದಿಲ್ಲ. ಬ್ಲೇಡು ಮಾತ್ರ ಹಾದುಹೋದ ಜಾಗದಲ್ಲೆಲ್ಲ ವಿನೈಲನ್ನು ಸೀಳುತ್ತದೆ, ಅಂಟಿಸುವಾಗ ಆ ಚೂರುಗಳು ಎದ್ದು ಬರುತ್ತವೆ.

ಆಬ್ಜೆಕ್ಟ್ ಟು ಪಾತ್ ಆದ ಮೇಲೆ ಕಂಟ್ರೋಲ್+ಶಿಫ್ಟ್+ಜಿ ಒತ್ತಿ ಗುಂಪು ಬಿಡಿಸಿ, ಬಿಡಿಸಲು ಏನೂ ಉಳಿಯದವರೆಗೆ. ನಂತರ ಎಲ್ಲ ಆಯ್ಕೆ ಮಾಡಿ ಪಾತ್ → ಯೂನಿಯನ್, ಅಂದರೆ ಕಂಟ್ರೋಲ್ ಮತ್ತು ಪ್ಲಸ್. ಈಗ ವ್ಯೂ ಮೆನುವಿನ ಡಿಸ್‌ಪ್ಲೇ ಮೋಡ್‌ನಲ್ಲಿ ಔಟ್‌ಲೈನ್ ಆರಿಸಿ ನೋಡಿ. ಪ್ರತಿ ಅಕ್ಷರದ ಸುತ್ತ ಒಂದೇ ಹೊರಗೆರೆ ಇರಬೇಕು, ಒಳಗೆ ಅಡ್ಡ ಹಾಯುವ ಗೆರೆ ಒಂದೂ ಇರಬಾರದು. ಈ ಪರೀಕ್ಷೆಯನ್ನು ಎಂದೂ ಬಿಡಬೇಡಿ.

ಯೂನಿಯನ್ ಬದಲು ಕಂಬೈನ್ (ಕಂಟ್ರೋಲ್+ಕೆ) ಒತ್ತಿದರೆ ಒಂದರ ಮೇಲೊಂದು ಬಿದ್ದ ಭಾಗ ಬಿಳಿಯಾಗಿ ತೂತು ಬಿದ್ದಂತೆ ಕಾಣಬಹುದು. ಹಾಗಾದರೆ ಕಂಟ್ರೋಲ್+ಝಡ್ ಒತ್ತಿ ಹಿಂದೆ ಹೋಗಿ ಯೂನಿಯನ್ ಮಾಡಿ.

ಅಕ್ಷರಕ್ಕೆ ಸ್ಟ್ರೋಕ್ (ಅಂಚಿನ ಗೆರೆ) ಕೊಟ್ಟು ದಪ್ಪ ಮಾಡಿದ್ದರೆ ಆ ದಪ್ಪ ಕಟಿಂಗಿಗೆ ಬರುವುದಿಲ್ಲ. ಬ್ಲೇಡು ಸ್ಟ್ರೋಕಿನ ನಟ್ಟನಡುವೆ ಓಡುತ್ತದೆ. ಪಾತ್ → ಸ್ಟ್ರೋಕ್ ಟು ಪಾತ್ (ಕಂಟ್ರೋಲ್+ಆಲ್ಟ್+ಸಿ) ಮಾಡಿ, ಮತ್ತೆ ಗುಂಪು ಬಿಡಿಸಿ ಯೂನಿಯನ್ ಮಾಡಿ.

ಕಾವಿ ಕಲೆಯನ್ನು ಟ್ರೇಸ್ ಮಾಡುವಾಗ

ಗೋಕರ್ಣ, ಅಂಕೋಲಾ, ಶಿರಾಲಿ ಕಡೆಯ ದೇವಸ್ಥಾನಗಳ ಕಾವಿ ಚಿತ್ರಗಳು ಬಿಳಿ ಮತ್ತು ಕೆಮ್ಮಣ್ಣಿನ ಕೆಂಪು ಎರಡೇ ಬಣ್ಣದವು, ಹಾಗಾಗಿ ವೆಕ್ಟರಿಗೆ ಹೇಳಿ ಮಾಡಿಸಿದವು. ಆದರೂ ಫೋಟೋ ತಂದು, ಅದನ್ನು ತಾನಾಗಿ ಗೆರೆಗಳಾಗಿಸುವ ಟ್ರೇಸ್ ಬಿಟ್‌ಮ್ಯಾಪ್ (ಶಿಫ್ಟ್+ಆಲ್ಟ್+ಬಿ) ಒತ್ತಿದರೆ ಅರ್ಧ ಗೋಡೆ ಕಪ್ಪಾಗಿ ಬರುವುದುಂಟು. ಬ್ರೈಟ್‌ನೆಸ್ ಕಟಾಫ್ ಎಂಬುದು ಚಿತ್ರಕ್ಕೆಲ್ಲ ಒಂದೇ ಗಡಿ ಎಳೆಯುತ್ತದೆ. ಪಾಗಾರದ ನೆರಳು ಬಿದ್ದ ಬಿಳಿ ಸುಣ್ಣವೂ ಆ ಗಡಿಯ ಕೆಳಗೆ ಬಂದರೆ ಕಪ್ಪೇ. ನೇರ ಬಿಸಿಲಿಲ್ಲದ, ಗೋಡೆಯ ತುಂಬ ಸಮನಾದ ಬೆಳಕಿರುವ ಹೊತ್ತಿನಲ್ಲಿ, ಗೋಡೆಗೆ ಎದುರಾಗಿ ನಿಂತು ಫೋಟೋ ತೆಗೆಯಿರಿ. ಕಟಾಫ್ 0.45ರಿಂದ ಶುರು ಮಾಡಿ ಮೇಲೆ ಕೆಳಗೆ ಸರಿಸಿ ನೋಡಿ. ಸುಣ್ಣದ ಚುಕ್ಕೆಗಳನ್ನು ಕಳೆಯಲು ಸ್ಪೆಕಲ್ಸ್ ಸಂಖ್ಯೆ ಏರಿಸಿ.

ಬಂದ ಗೆರೆಯಲ್ಲಿ ಸಾವಿರಾರು ನೋಡ್ (ಗೆರೆಯನ್ನು ಹಿಡಿದಿಡುವ ಬಿಂದು) ಇದ್ದು ಕಂಪ್ಯೂಟರ್ ತಡವರಿಸಿದರೆ, ಅವನ್ನು ಕಡಿಮೆ ಮಾಡುವ ಕಂಟ್ರೋಲ್+ಎಲ್ ಒಂದು ಸಲ ಒತ್ತಿ, ನೋಡಿ, ಬೇಕಿದ್ದರೆ ಇನ್ನೊಂದು ಸಲ. ಪಟಪಟನೆ ಒತ್ತಿದರೆ ಪ್ರತಿ ಸಲವೂ ಅದರ ತೀವ್ರತೆ ಏರುತ್ತದೆ, ಎಸಳಿನ ಚೂಪು ತುದಿಗಳೆಲ್ಲ ಮೊಂಡಾಗುತ್ತವೆ. ಕಾವಿಯ ಅಂದ ಇರುವುದೇ ಆ ಚೂಪಿನಲ್ಲಿ.

ಸುತ್ತುವ ಹೂವುಗಳಿಗಂತೂ ಟ್ರೇಸ್‌ಗಿಂತ ಬೇರೆ ದಾರಿ ಒಳ್ಳೆಯದು. ಫೋಟೋದ ಮೇಲೆ ಪೆನ್ ಟೂಲಿನಿಂದ ಒಂದೇ ಎಸಳು ಬಿಡಿಸಿ. ಅದರ ಮೇಲೆ ಎರಡನೇ ಸಲ ಕ್ಲಿಕ್ ಮಾಡಿದಾಗ ಕಾಣುವ ಕೂಡು ಚಿಹ್ನೆಯನ್ನು ಹೂವಿನ ನಡುವಿಗೆ ಎಳೆಯಿರಿ. ನಂತರ ಅದರ ಕ್ಲೋನುಗಳನ್ನು (ಮೂಲಕ್ಕೆ ಅಂಟಿಕೊಂಡ ಪ್ರತಿಗಳು) ಮಾಡಲು ಎಡಿಟ್ → ಕ್ಲೋನ್ → ಕ್ರಿಯೇಟ್ ಟೈಲ್ಡ್ ಕ್ಲೋನ್ಸ್. ಎಂಟು ಎಸಳಿಗೆ 1 ಸಾಲು, 8 ಕಾಲಂ. ರೊಟೇಶನ್‌ನಲ್ಲಿ ಕಾಲಂಗೆ 45 ಡಿಗ್ರಿ. ಅದೇ ಕಿಟಕಿಯ ಶಿಫ್ಟ್ ಎಂಬ ಟ್ಯಾಬಿನಲ್ಲಿ ಶಿಫ್ಟ್ ಎಕ್ಸ್ ಕಾಲಂಗೆ -100%. ಕೊನೆಯದನ್ನು ಮರೆತರೆ ಎಸಳುಗಳು ಹೂವಾಗದೆ ಸಾಲಾಗಿ ಓಡುತ್ತವೆ. ಮೂಲದ ಮೇಲೆಯೇ ಒಂದು ಕ್ಲೋನ್ ಕೂರುತ್ತದೆ, ಕೆಲಸ ಮುಗಿದ ಮೇಲೆ ಆ ಕ್ಲೋನನ್ನು ಅಳಿಸಿ. ಅಚ್ಚಿಗೆ ಕಳಿಸುವ ಪ್ರತಿಯಲ್ಲಿ ಕ್ಲೋನುಗಳನ್ನು ಆರಿಸಿ ಶಿಫ್ಟ್+ಆಲ್ಟ್+ಡಿ ಒತ್ತಿ ಬಿಡಿಸಿ. ಬಣ್ಣಕ್ಕೆ 8ಬಿ3ಎ2ಬಿ ಎಂಬ ಆರಂಕಿ ಸಂಕೇತದಿಂದ ಆರಂಭಿಸಿ, ಸಣ್ಣ ತುಂಡು ಮುದ್ರಿಸಿ ನೋಡಿ ತಿದ್ದಿಕೊಳ್ಳಿ.

ಅಳತೆ, ಬಣ್ಣ, ನೆರಳು

6×4 ಅಡಿಯ ಫ್ಲೆಕ್ಸ್ ಎಂದರೆ 1829×1219 ಮಿಲಿಮೀಟರ್. ಅದನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಪಿಎನ್‌ಜಿ ಚಿತ್ರ ಮಾಡಲು ಹೊರಟರೆ 21600×14400 ಪಿಕ್ಸೆಲ್ ಆಗುತ್ತದೆ, ಸಾಧಾರಣ ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತದೆ. ದೂರದಿಂದ ನೋಡುವ ಫ್ಲೆಕ್ಸಿಗೆ 72 ಡಿಪಿಐ, 5184×3456 ಪಿಕ್ಸೆಲ್ ಸಾಕು. ಪಿಡಿಎಫ್ ಕೊಡುವುದು ಇನ್ನೂ ಒಳ್ಳೆಯದು. ಮಾರಿಕಾಂಬಾ ಜಾತ್ರೆಯ ಸ್ವಾಗತ ಕಮಾನಿನಂತೆ 20 ಅಡಿ ಉದ್ದದ್ದಾದರೆ ಹತ್ತನೇ ಒಂದು ಅಳತೆಯಲ್ಲಿ, 2 ಅಡಿಗೆ ಮಾಡಿ. ಪಿಡಿಎಫ್ ಪುಟ 200 ಇಂಚು ದಾಟಿದರೆ ಹಲವು ತಂತ್ರಾಂಶಗಳು ತಕರಾರು ಮಾಡುತ್ತವೆ. ‘1000 ಪರ್ಸೆಂಟಿಗೆ ಹಿಗ್ಗಿಸಿ’ ಎಂದು ಪ್ರೆಸ್ಸಿನವರಿಗೆ ಬರೆದು ತಿಳಿಸಿ.

ಅಕ್ಷರದ ಹಿಂದೆ ಬ್ಲರ್ ನೆರಳು ಕೊಟ್ಟಿದ್ದರೆ ಪಿಡಿಎಫ್‌ನಲ್ಲಿ ಅದು ಪಿಕ್ಸೆಲ್ ಚಿತ್ರವಾಗುತ್ತದೆ. ಸೇವ್ ಮಾಡುವಾಗ ಬರುವ ಕಿಟಕಿಯಲ್ಲಿ ರೆಸಲ್ಯೂಶನ್ 96 ಎಂದೇ ಬಿಟ್ಟರೆ ಚಿಕ್ಕ ಲೇಬಲ್ಲಿನಲ್ಲಿ ನೆರಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಲೇಬಲ್ಲಿಗೆ 300 ಇಡಿ. ಅದೇ ಕಿಟಕಿಯಲ್ಲಿ ಅಕ್ಷರವನ್ನು ಆಕಾರವಾಗಿಸುವ ‘ಕನ್ವರ್ಟ್ ಟೆಕ್ಸ್ಟ್ ಟು ಪಾತ್ಸ್’ ಕೂಡ ಇದೆ.

ಶಿರಸಿ ಸುಪಾರಿ ಪ್ಯಾಕೆಟ್ಟಿನ ಹಳೆಯ ಲೇಬಲ್ ತೆರೆದಾಗ 100 ಮಿ.ಮೀ. ಇದ್ದದ್ದು 93.75 ಆಗಿದ್ದರೆ, ಆ ಫೈಲು 2017ರಲ್ಲಿ ಬಂದ 0.92 ಆವೃತ್ತಿಗಿಂತ ಮೊದಲಿನದು. ಆಗ ಇಂಕ್‌ಸ್ಕೇಪ್ ಇಂಚಿಗೆ 90 ಪಿಕ್ಸೆಲ್ ಎಣಿಸುತ್ತಿತ್ತು, ಈಗ 96. ತೆರೆಯುವಾಗ ಅದು ಕೇಳುವ ಪ್ರಶ್ನೆಗೆ ಕಾಗದದ ಮುದ್ರಣಕ್ಕೆ ಸಂಬಂಧಿಸಿದ ಉತ್ತರ ಆರಿಸಿ.

ಆಫ್‌ಸೆಟ್‌ನಲ್ಲಿ ಸಣ್ಣ ಕಪ್ಪು ಅಕ್ಷರ ಮಸುಕಾದರೆ, ಪರದೆಯ ಕಪ್ಪು ನಾಲ್ಕೂ ಶಾಯಿಗಳ ಮಿಶ್ರಣವಾಗಿ ಹೋಗಿ ಪ್ಲೇಟುಗಳು ಕೂದಲೆಳೆ ಸರಿದಿವೆ ಎಂದರ್ಥ. ಮಾತನ್ನೆಲ್ಲ ಬರೀ ಕಪ್ಪು ಶಾಯಿ 100 ಮಾಡಲು ಪ್ರೆಸ್ಸಿನವರಿಗೆ ಹೇಳಿ.

ಫೋಟೋ ಜಾಗದಲ್ಲಿ ಕೆಂಪು ಗುಣಾಕಾರ ಚಿಹ್ನೆ ಕಂಡರೆ ಚಿತ್ರ ಲಿಂಕ್ ಆಗಿತ್ತು, ಜೊತೆಗೆ ಬಂದಿಲ್ಲ. ಇಂಪೋರ್ಟ್ ಮಾಡುವಾಗಲೇ ಎಂಬೆಡ್ (ಚಿತ್ರವನ್ನು ಫೈಲಿನೊಳಗೇ ಸೇರಿಸುವುದು) ಆರಿಸಿ. ವಾಟ್ಸಾಪ್‌ನಲ್ಲಿ ಫೋಟೋ ಕೇಳುವಾಗ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎನ್ನಿ, ಇಲ್ಲದಿದ್ದರೆ ಅದು ಕುಗ್ಗಿ ಬರುತ್ತದೆ. ಬಿಡಿಸಿದ್ದು ಪರದೆಯಿಂದ ಕಳೆದುಹೋದರೆ ಕೀಲಿಮಣೆಯ 4 ಒತ್ತಿ, ಇಡೀ ಚಿತ್ರ ಕಣ್ಣೆದುರು ಬರುತ್ತದೆ. 5 ಒತ್ತಿದರೆ ಪುಟ.

ಮಳೆಗಾಲದಲ್ಲಿ ಘಟ್ಟದ ಮೇಲೂ ಕೆಳಗೂ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಎಡಿಟ್ → ಪ್ರಿಫರೆನ್ಸಸ್ → ಇನ್‌ಪುಟ್/ಔಟ್‌ಪುಟ್ → ಆಟೋಸೇವ್‌ನಲ್ಲಿ 10 ನಿಮಿಷ ಇರುವುದನ್ನು 2ಕ್ಕೆ ಇಳಿಸಿ, ಫೈಲುಗಳು ಯಾವ ಫೋಲ್ಡರಿನಲ್ಲಿ ಬೀಳುತ್ತವೆ ಎಂಬುದನ್ನು ಅಲ್ಲೇ ನೋಡಿ ಬರೆದಿಟ್ಟುಕೊಳ್ಳಿ.