ಒಬ್ಬರೇ ಯುರೋಪಿಗೆ ಹೊರಟಿದ್ದೀರಾ? ಮೊದಲು ಕೋಣೆಯ ಮಾತಾಡಿ

ಜಯನಗರ ನಾಲ್ಕನೇ ಬ್ಲಾಕ್‌ನ ಟ್ರಾವೆಲ್ ಕಚೇರಿಯೊಂದರಲ್ಲಿ ಯುರೋಪಿನ ಗುಂಪು ಪ್ರವಾಸಕ್ಕೆ ಹೆಸರು ಬರೆಸಲು ಕುಳಿತಿದ್ದೆ. ಮೇಜಿನಾಚೆಯ ಹುಡುಗ ನನ್ನ ಪಾಸ್‌ಪೋರ್ಟ್ ತಿರುವಿ ನೋಡಿ, ‘ಇನ್ನೊಂದು, ಮೇಡಂ?’ ಎಂದು ಕೈ ಚಾಚಿದ. ಇನ್ನೊಂದು ಇಲ್ಲ, ನಾನೊಬ್ಬಳೇ ಎಂದೆ. ‘ಹಾಗಾದರೆ ರೇಟು ಬೇರೆ’ ಎಂದವನೇ ಕ್ಯಾಲ್ಕುಲೇಟರ್ ಹತ್ತಿರಕ್ಕೆ ಎಳೆದುಕೊಂಡ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಬೆಲೆ ನನಗಲ್ಲ ಎಂಬುದು ಗೊತ್ತಾದದ್ದು ಆಗ.

ಹೋಗಿ ಬಂದ ಮೇಲೆ ವಾಕಿಂಗ್ ಗೆಳತಿಯರಿಂದ ಹಿಡಿದು ಹಳೆಯ ಸಹೋದ್ಯೋಗಿಗಳವರೆಗೆ ಎಲ್ಲರೂ ಕೇಳುವುದು ಒಂದೇ: ಯಾವ ಕಂಪನಿ ಒಳ್ಳೆಯದು? ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಒಂದೇ ಕಂಪನಿಯ ಎರಡು ಗುಂಪುಗಳು ಎರಡು ಬಗೆಯ ಕಥೆ ಹೊತ್ತು ಬರುತ್ತವೆ. ಆದರೆ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕು ಎಂಬುದು ಈಗ ಗೊತ್ತು. ಗಂಡ ಹೆಂಡತಿ ಹೋಗುವುದಾದರೆ ಊರುಗಳ ಪಟ್ಟಿಯಿಂದ ಶುರು ಮಾಡಲಿ, ತೊಂದರೆಯಿಲ್ಲ. ಒಬ್ಬರೇ ಹೋಗುವವರು ಕೋಣೆಯಿಂದ ಶುರು ಮಾಡಬೇಕು.

ಮೊದಲ ಹೆಜ್ಜೆ: ಕೋಣೆ

ಪ್ಯಾಕೇಜ್ ಬೆಲೆಗಳೆಲ್ಲ ‘ಟ್ವಿನ್ ಶೇರಿಂಗ್’, ಅಂದರೆ ಇಬ್ಬರು ಒಂದು ಕೋಣೆ ಹಂಚಿಕೊಳ್ಳುವ ಲೆಕ್ಕದವು. ಹೋಟೆಲಿನವರು ಬಾಡಿಗೆ ಹಾಕುವುದು ಕೋಣೆಗೆ, ತಲೆಗಲ್ಲ. ರಾತ್ರಿಗೆ 120 ಯೂರೊ ಬಾಡಿಗೆ ಎಂದಿಟ್ಟುಕೊಳ್ಳಿ. ಜಾಹೀರಾತಿನ ಬೆಲೆಯಲ್ಲಿ ಸೇರಿರುವುದು 60 ಮಾತ್ರ. ಒಬ್ಬರೇ ಮಲಗುವುದಾದರೆ ಉಳಿದ 60 ಕೂಡ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಹತ್ತು ರಾತ್ರಿಗೆ 600 ಯೂರೊ. ಇದರ ಹೆಸರು ‘ಸಿಂಗಲ್ ಸಪ್ಲಿಮೆಂಟ್’. ದುಡ್ಡು ಕೊಟ್ಟರೆ ಅದೇ ದೊಡ್ಡ ಕೋಣೆ ಸಿಗುತ್ತದೆ ಎಂದುಕೊಳ್ಳಬೇಡಿ. ಯುರೋಪಿನ ಹಳೆಯ ಹೋಟೆಲುಗಳಲ್ಲಿ ಸಿಂಗಲ್ ರೂಮ್ ಎಂದರೆ ಎಷ್ಟೋ ಸಲ ಕಾರಿಡಾರಿನ ಕೊನೆಯಲ್ಲಿರುವ, ಸೂಟ್‌ಕೇಸ್ ಬಿಚ್ಚಿಟ್ಟರೆ ಕಾಲಿಡಲು ಜಾಗವಿಲ್ಲದ ಗೂಡು. ಸಿಂಗಲ್ ರೂಮೋ, ಡಬಲ್ ರೂಮನ್ನೇ ಒಬ್ಬರಿಗೆ ಕೊಡುತ್ತಾರೋ ಎಂದು ಕೇಳಿಕೊಳ್ಳಿ.

ಇನ್ನೊಂದು ದಾರಿ, ಗೊತ್ತಿಲ್ಲದವರ ಜೊತೆ ಕೋಣೆ ಹಂಚಿಕೊಳ್ಳುವುದು. ಹೆಂಗಸಿಗೆ ಹೆಂಗಸು, ಗಂಡಸಿಗೆ ಗಂಡಸು ಎಂದು ಕಂಪನಿಯೇ ಜೋಡಿ ಹುಡುಕುತ್ತದೆ. ನಾನು ಮಾಡಿದ್ದು ಇದನ್ನೇ. ಜೊತೆಗೆ ಸಿಕ್ಕವರು ಪುಣೆಯ ಒಬ್ಬ ಹಿರಿಯರು. ಬಂಗಾರದಂಥ ಮನುಷ್ಯರು, ಚಕ್ಕುಲಿ ಡಬ್ಬಿಯಲ್ಲಿ ನನಗೆ ಸಮಪಾಲು ಕೊಟ್ಟವರು. ಆದರೆ ಅವರ ಮಗ ದಿನವೂ ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೊರಡುವ ಮುನ್ನ ಅಮ್ಮನಿಗೆ ಫೋನ್ ಮಾಡುತ್ತಿದ್ದ. ಬೇಸಿಗೆಯಲ್ಲಿ ಭಾರತದ ಗಡಿಯಾರ ಪ್ಯಾರಿಸ್‌ಗಿಂತ ಮೂರೂವರೆ ಗಂಟೆ ಮುಂದೆ. ಅವನ ಎಂಟು ಗಂಟೆ ಎಂದರೆ ನಮ್ಮ ನಾಲ್ಕೂವರೆ. ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರ್ ಬೇಕು. ಹತ್ತು ದಿನ ನಾನು ಪುಣೆಯ ಟ್ರಾಫಿಕ್ ಸುದ್ದಿ ಕೇಳುತ್ತಾ ಎದ್ದೆ. ರಾತ್ರಿ ನಾನು ದೀಪ ಹಾಕಿಕೊಂಡು ಓದುವುದು ಅವರಿಗೆ ಆಗುತ್ತಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ತಪ್ಪು ಇಬ್ಬರದೂ ಅಲ್ಲ. ಗೊರಕೆ, ಏಳುವ ಹೊತ್ತು, ಎಸಿ ಇವುಗಳ ಬಗ್ಗೆ ಹೊರಡುವ ಮುನ್ನವೇ ಒಮ್ಮೆ ಫೋನಿನಲ್ಲಿ ಮಾತಾಡಿಸಿ ಎಂದು ಕಂಪನಿಯನ್ನು ಕೇಳಬಹುದಿತ್ತು, ನಾನು ಕೇಳಲಿಲ್ಲ.

ಹಂಚಿಕೊಳ್ಳುವುದಾದರೆ ಮೂರು ಪ್ರಶ್ನೆಗಳಿಗೆ ಇಮೇಲ್‌ನಲ್ಲಿ ಉತ್ತರ ಪಡೆಯಿರಿ, ಬಾಯಿಮಾತು ಬೇಡ. ಜೋಡಿ ಸಿಗದಿದ್ದರೆ ಹೆಚ್ಚಿನ ಹಣ ಯಾರು ಕಟ್ಟಬೇಕು? ಜೋಡಿ ಸಿಕ್ಕಿ, ಕೊನೆಯ ವಾರದಲ್ಲಿ ಅವರಿಗೆ ವೀಸಾ ಸಿಗದೆ ಹೋದರೆ? ಮೂರನೆಯವರಾಗಿ ಇನ್ನೊಂದು ಕೋಣೆಗೆ ನನ್ನನ್ನು ತಳ್ಳುತ್ತೀರಾ? ಮೂವರ ಕೋಣೆಯಲ್ಲಿ ಮೂರನೆಯದು ಸಾಮಾನ್ಯವಾಗಿ ಮಡಚುವ ಮಂಚ ಅಥವಾ ಸೋಫಾ. ಎರಡನೆಯ ಪ್ರಶ್ನೆ ಕೇಳಿದಾಗ ಕೌಂಟರಿನವರು ತಡವರಿಸಿದರೆ, ಹೊರೆ ನಿಮ್ಮ ತಲೆಗೇ ಬೀಳುತ್ತದೆ ಎಂದೇ ತಿಳಿಯಿರಿ.

ಎರಡನೆಯದು: ಪೆನ್ಸಿಲ್ ಹಿಡಿದು ದಿನಚರಿ ಓದಿ

ಕಂಪನಿ ಕೊಡುವ ಬಣ್ಣದ ಪುಸ್ತಕದಲ್ಲಿ ‘11 ದಿನ, 9 ದೇಶ’ ಎಂದಿರುತ್ತದೆ. ಅದರಲ್ಲಿ ಮೊದಲ ಮತ್ತು ಕೊನೆಯ ದಿನ ವಿಮಾನದ್ದು. ಉಳಿದದ್ದನ್ನು ಗಂಟೆಗೆ ಇಳಿಸಿ. ಒಂದು ದಿನವನ್ನು ತೆಗೆದುಕೊಳ್ಳೋಣ: ‘ಪ್ಯಾರಿಸ್‌ನಿಂದ ಬ್ರಸೆಲ್ಸ್ ಮಾರ್ಗವಾಗಿ ಆಮ್‌ಸ್ಟರ್‌ಡ್ಯಾಮ್’. ದೂರ 500 ಕಿಲೋಮೀಟರ್ ಮೀರುತ್ತದೆ, ಬಸ್ಸಿಗೆ ಆರೇಳು ಗಂಟೆ ಬೇಕು. ಅಲ್ಲಿನ ಕಾನೂನಿನಂತೆ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಒಟ್ಟು 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ದಿನಕ್ಕೆ ಒಂಬತ್ತು ಗಂಟೆ, ವಾರದಲ್ಲಿ ಎರಡು ದಿನ ಮಾತ್ರ ಹತ್ತು ಗಂಟೆ ಓಡಿಸಬಹುದು. ಇವೆಲ್ಲ ಬಸ್ಸಿನ ಯಂತ್ರದಲ್ಲಿ ದಾಖಲಾಗುತ್ತವೆ, ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದರೆ ನಡೆಯುವುದಿಲ್ಲ. ಊಟ, ಶೌಚಾಲಯದ ಸಾಲು ಎಲ್ಲ ಕಳೆದರೆ ಬ್ರಸೆಲ್ಸ್‌ಗೆ ಉಳಿಯುವುದು ಒಂದೂವರೆ ಗಂಟೆ. ಗ್ರಾಂಡ್ ಪ್ಲಾಸ್ ಚೌಕದಲ್ಲಿ ಒಂದು ಸುತ್ತು, ಮೂತ್ರ ಮಾಡುವ ಪುಟ್ಟ ಹುಡುಗನ ವಿಗ್ರಹದ ಮುಂದೆ ಒಂದು ಫೋಟೊ, ಒಂದು ಡಬ್ಬಿ ಚಾಕೊಲೇಟ್. ಬೆಲ್ಜಿಯಂ ಮುಗಿಯಿತು. ಇದು ಸಾಕು ಎನ್ನುವವರೂ ಇದ್ದಾರೆ, ನನ್ನ ತಕರಾರಿಲ್ಲ. ನನಗಂತೂ ನಾಲ್ಕು ದೇಶ ಸಾಕಿತ್ತು.

ಬಳಸಿದ ಪದಗಳನ್ನು ಗಮನಿಸಿ. ‘ವಿಸಿಟ್’ ಎಂದರೆ ಟಿಕೆಟ್ ಸಮೇತ ಒಳಗೆ. ‘ಫೋಟೊ ಸ್ಟಾಪ್’ ಎಂದರೆ ಹೊರಗೆ ನಿಂತು ಹತ್ತಿಪ್ಪತ್ತು ನಿಮಿಷ. ‘ಪನೋರಮಿಕ್ ಡ್ರೈವ್’ ಎಂದರೆ ಬಸ್ಸಿನ ಗಾಜಿನಿಂದಲೇ. ಐಫೆಲ್ ಗೋಪುರಕ್ಕೆ ‘ಎರಡನೇ ಹಂತ’ ಎಂದು ಬರೆದಿದ್ದರೆ 116 ಮೀಟರ್ ಎತ್ತರ, ‘ತುದಿ’ ಎಂದಿದ್ದರೆ 276 ಮೀಟರ್. ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆ. ನಿಮ್ಮ ಪ್ಯಾರಿಸ್ ದಿನ ಮಂಗಳವಾರವೇ ಎಂದು ಕ್ಯಾಲೆಂಡರ್ ತೆಗೆದು ನೋಡಿ. ಟ್ಯುಲಿಪ್ ಆಸೆ ಇದ್ದರೆ ಹಾಲೆಂಡಿನ ಕ್ಯೂಕೆನ್‌ಹಾಫ್ ತೋಟ ತೆರೆದಿರುವುದು ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಮಾತ್ರ. ಜೂನ್ ತಿಂಗಳ ಪುಸ್ತಕದ ಮುಖಪುಟದಲ್ಲೂ ಟ್ಯುಲಿಪ್ ಚಿತ್ರವೇ ಇತ್ತು ಎಂಬುದು ಬೇರೆ ಮಾತು.

ಹೋಟೆಲ್ ಎಲ್ಲಿದೆ ಎಂಬುದು ಒಬ್ಬರೇ ಹೋಗುವವರಿಗೆ ಬಹಳ ಮುಖ್ಯ. ನಮ್ಮ ಕಡೆಯ ಗುಂಪುಗಳಿಗೆ ಸಂಜೆ ಆರೂವರೆ, ಏಳಕ್ಕೆ ಭಾರತೀಯ ಊಟ ಹಾಕಿಸಿ ಎಂಟಕ್ಕೆಲ್ಲ ಹೋಟೆಲಿಗೆ ಬಿಡುತ್ತಾರೆ. ಜೂನ್‌ನಲ್ಲಿ ಪ್ಯಾರಿಸ್‌ನ ಸೂರ್ಯ ಮುಳುಗುವುದು ಹತ್ತರ ಸುಮಾರಿಗೆ. ಜೋಡಿಗಳು ಕೋಣೆಯಲ್ಲಿ ಹರಟುತ್ತವೆ. ನೀವು ಏನು ಮಾಡುತ್ತೀರಿ? ಹತ್ತಿರ ಮೆಟ್ರೊ ನಿಲ್ದಾಣವಿದ್ದರೆ ಎರಡು ಗಂಟೆಯ ಬೆಳಕು ನಿಮ್ಮದು. ಹೋಟೆಲ್ ಹೆದ್ದಾರಿ ಪಕ್ಕದಲ್ಲಿದ್ದರೆ ಕಿಟಕಿಯಿಂದ ಲಾರಿ ಎಣಿಸಬೇಕು. ‘ಪ್ಯಾರಿಸ್ ಪ್ರದೇಶ’, ‘ವೆನಿಸ್ ಪ್ರದೇಶ’ ಎಂಬ ಪದಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಬೆಂಗಳೂರು ಎಂದು ಹೇಳಿ ನೆಲಮಂಗಲದಲ್ಲಿ ಇಳಿಸಿದ ಹಾಗೆ ಅದು. ಹಿಂದಿನ ತಿಂಗಳ ಗುಂಪು ಉಳಿದ ಹೋಟೆಲುಗಳ ಹೆಸರು ಕೇಳಿ, ಮ್ಯಾಪ್‌ನಲ್ಲಿ ಹಾಕಿ ನೋಡಿ.

ಮೂರನೆಯದು: ಗುಂಪು ಎಲ್ಲಿಂದ ಶುರುವಾಗುತ್ತದೆ?

ಬೆಂಗಳೂರಿನಿಂದ ಲಂಡನ್, ಪ್ಯಾರಿಸ್, ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್‌ಗೆ ನೇರ ವಿಮಾನಗಳಿವೆ. ಆದರೂ ಹಲವು ಗುಂಪುಗಳು ಮುಂಬೈಯಲ್ಲಿ ಸೇರುತ್ತವೆ, ಟೂರ್ ಮ್ಯಾನೇಜರ್ ಅಲ್ಲಿಯೇ ಸಿಗುತ್ತಾರೆ, ಕೆಲವೊಮ್ಮೆ ಯುರೋಪಿನಲ್ಲೇ. ‘ಬೆಂಗಳೂರಿನಿಂದ’ ಎಂದರೆ ಮ್ಯಾನೇಜರ್ ಕೂಡ ದೇವನಹಳ್ಳಿಯಿಂದಲೇ ಬರುತ್ತಾರೆಯೇ? ಮುಂಬೈಗೆ ಹೋಗುವ ಟಿಕೆಟ್ ಮತ್ತು ಮುಂದಿನ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ಇವೆಯೇ? ಬೇರೆ ಬೇರೆ ಆಗಿದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಅದು ನಿಮ್ಮ ಕರ್ಮ. ಬ್ಯಾಗೇಜನ್ನೂ ಮತ್ತೊಮ್ಮೆ ಚೆಕ್ಇನ್ ಮಾಡಿಸಬೇಕು. ಒಬ್ಬರೇ ಇದ್ದಾಗ ಸೂಟ್‌ಕೇಸ್ ಕಾಯಲು ಕೂಡ ಜನವಿಲ್ಲ, ಅದನ್ನು ಎಳೆದುಕೊಂಡೇ ಶೌಚಾಲಯಕ್ಕೆ ಹೋಗಬೇಕು ಎಂಬುದನ್ನು ನೆನಪಿಟ್ಟುಕೊಂಡು ತುಂಬಿಸಿ.

ಗುಂಪು ಎಂಥದ್ದು ಎಂದೂ ಕೇಳಿ. ಹನಿಮೂನ್ ಜೋಡಿಗಳೇ ತುಂಬಿರುವ ಬಸ್ಸಿನಲ್ಲಿ ಒಂಟಿಯಾಗಿ ಕೂರುವುದು ಬೇಸರದ ಕೆಲಸ. ಮಹಿಳೆಯರಿಗೇ, ಹಿರಿಯರಿಗೇ ಎಂದು ಪ್ರತ್ಯೇಕ ಗುಂಪು ಒಯ್ಯುವ ಕಂಪನಿಗಳಿವೆ. 18ರಿಂದ 35 ವಯಸ್ಸಿನವರಿಗಷ್ಟೇ ಎಂದು ಗೆರೆ ಹಾಕಿಕೊಂಡ ಕಾಂಟಿಕಿಯಂಥವೂ ಇವೆ. ವಿದೇಶಿ ಕಂಪನಿಗಳ ಗುಂಪು ಸೇರಿದರೆ ಸಾಮಾನ್ಯವಾಗಿ ವಿಮಾನ, ವೀಸಾ ನಿಮ್ಮದೇ ಜವಾಬ್ದಾರಿ, ಅನ್ನ ಸಾರು ಮರೆತುಬಿಡಬೇಕು. ಬಸ್ಸಿನ ಸೀಟು ದಿನವೂ ಬದಲಾಗುತ್ತದೆಯೇ ಎಂಬುದೂ ಸಣ್ಣ ಪ್ರಶ್ನೆಯಲ್ಲ.

ವೀಸಾ

ಷೆಂಗೆನ್ ವೀಸಾ ಎಂದರೆ ಯುರೋಪಿನ 29 ದೇಶಗಳಿಗೆ ನಡೆಯುವ ಒಂದೇ ವೀಸಾ. ಸ್ವಿಟ್ಜರ್ಲೆಂಡ್ ಅದರಲ್ಲಿದೆ, ಬ್ರಿಟನ್ ಇಲ್ಲ. ಲಂಡನ್ ಸೇರಿದ್ದರೆ ಇನ್ನೊಂದು ವೀಸಾ, ಇನ್ನೊಂದು ಶುಲ್ಕ. ಷೆಂಗೆನ್ ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೊ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾಶುಲ್ಕ. ವೀಸಾ ಸಿಗದಿದ್ದರೂ ಇದು ಹಿಂದಿರುಗುವುದಿಲ್ಲ. ಪ್ರವಾಸಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ, ಅಷ್ಟರವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ವಾಪಸಾಗುವ ದಿನದಿಂದ ಮೂರು ತಿಂಗಳಾದರೂ ಪಾಸ್‌ಪೋರ್ಟ್‌ಗೆ ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆಯುವ ಹೊಸ ವ್ಯವಸ್ಥೆ ಶುರುವಾಗಿದೆ, ಹಾಗಾಗಿ ಇಳಿದ ದಿನ ಸಾಲು ಉದ್ದವಿರಬಹುದು.

ಹಣ ಕಟ್ಟುವ ಮುನ್ನ

ಪ್ಯಾಕೇಜಿನಲ್ಲಿ ಏನಿಲ್ಲ ಎಂಬ ಪುಟವನ್ನು ಎರಡು ಸಲ ಓದಿ. ಚಾಲಕ, ಗೈಡ್‌ಗಳ ಟಿಪ್ಸ್ ದಿನಕ್ಕಿಷ್ಟು ಯೂರೊ ಎಂದು ಅಲ್ಲಿರುತ್ತದೆ. ರೋಮ್‌ನಂಥ ಊರುಗಳ ನಗರ ತೆರಿಗೆ, ಮಧ್ಯಾಹ್ನದ ಊಟವೂ ಅಲ್ಲೇ ಸಿಗಬಹುದು. ಜರ್ಮನಿಯ ಹೆದ್ದಾರಿಗಳ ಹಲವು ಶೌಚಾಲಯಗಳಿಗೆ ಒಂದು ಯೂರೊ ತೆರಬೇಕು, ಚಿಲ್ಲರೆ ಜೇಬಿನಲ್ಲಿರಲಿ. ವೆನಿಸ್‌ನ ಗೊಂಡೋಲಾಕ್ಕೆ ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೊ ಅಧಿಕೃತ ದರ, ಅದು ದೋಣಿಗೆ, ತಲೆಗಲ್ಲ. ಇಲ್ಲಿ ಮಾತ್ರ ಕೋಣೆಯ ಲೆಕ್ಕ ತಿರುಗಾಮುರುಗಾ. ದೋಣಿಯಲ್ಲಿ ಐವರಿಗೆ ಜಾಗವಿರುವುದರಿಂದ ಎರಡು ಜೋಡಿಗಳ ನಡುವೆ ಐದನೆಯವರಾಗಿ ಕುಳಿತರೆ ಎಲ್ಲರಿಗೂ ಖುಷಿ, ನಿಮ್ಮ ಪಾಲು 18 ಯೂರೊ.

ವಿದೇಶ ಪ್ಯಾಕೇಜಿನ ಮೇಲೆ ಜಿಎಸ್‌ಟಿಯ ಜೊತೆ ಟಿಸಿಎಸ್ (ಕಂಪನಿಯೇ ನಿಮ್ಮಿಂದ ಮುಂಗಡವಾಗಿ ಪಡೆದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ. ದರ ಬಜೆಟ್‌ಗಳಲ್ಲಿ ಬದಲಾಗುತ್ತಿರುತ್ತದೆ, ಬುಕ್ ಮಾಡುವ ದಿನದ ದರ ಕೇಳಿ. ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿ, ರಿಟರ್ನ್ಸ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ. ಹಣ ಕೊಡುವುದು ಮಗ, ಹೋಗುವುದು ಅಮ್ಮ ಎಂದಾದರೆ ಯಾರ ಪ್ಯಾನ್ ಎಂಬುದನ್ನು ಮೊದಲೇ ತೀರ್ಮಾನಿಸಿ.

ಪೂರ್ತಿ ಹಣವನ್ನು ರಿಯಾಯಿತಿಯ ಆಸೆಗೆ ಆರು ತಿಂಗಳು ಮೊದಲೇ ಸುರಿಯಬೇಡಿ. 2019ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಥಾಮಸ್ ಕುಕ್ ಮುಳುಗಿತು (ಭಾರತದ ಅದೇ ಹೆಸರಿನ ಕಂಪನಿ ಬೇರೆಯದೇ, ಅದು ನಡೆಯುತ್ತಲೇ ಇದೆ). ಅದೇ ವರ್ಷ ನಮ್ಮಲ್ಲಿ ಕಾಕ್ಸ್ ಅಂಡ್ ಕಿಂಗ್ಸ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಎರಡೂ ಅಜ್ಜನ ಕಾಲದ ಹೆಸರುಗಳೇ. ರದ್ದತಿಯ ಪಟ್ಟಿಯಲ್ಲಿ ಎಷ್ಟು ದಿನ ಮೊದಲು ಎಷ್ಟು ಶೇಕಡಾ ಕಡಿತ, ಜನ ಸಾಲದೆ ಕಂಪನಿಯೇ ದಿನಾಂಕ ಬದಲಿಸಿದರೆ ಏನು ಎಂಬುದನ್ನು ನೋಡಿ. ಮಾತು ಕೆಟ್ಟರೆ ಗ್ರಾಹಕರ ಸಹಾಯವಾಣಿ 1915 ಇದೆ, ಆದರೆ ಅಲ್ಲಿ ಕೆಲಸಕ್ಕೆ ಬರುವುದು ನೀವು ಮೊದಲು ಬರೆಸಿಕೊಂಡ ಇಮೇಲ್‌ಗಳೇ.

ಅರ್ಜಿಯ ಕೊನೆಯಲ್ಲಿ ‘ತುರ್ತು ಸಂಪರ್ಕ’ ಎಂಬ ಒಂದು ಸಾಲು ಇರುತ್ತದೆ. ಜೋಡಿಗಳು ಅದನ್ನು ಕಣ್ಣುಮುಚ್ಚಿ ತುಂಬುತ್ತಾರೆ. ನೀವು ಯೋಚಿಸಿ ತುಂಬಿ. ವಿಮೆಯ ಸಂಖ್ಯೆ, ಪಿಎನ್‌ಆರ್, ಹೋಟೆಲುಗಳ ಪಟ್ಟಿ ಆ ವ್ಯಕ್ತಿಯ ಕೈಯಲ್ಲಿರಲಿ. ಅಲ್ಲಿ ರಾತ್ರಿ ಒಂಬತ್ತಾದಾಗ ಇಲ್ಲಿ ಹನ್ನೆರಡೂವರೆ. ನನ್ನ ಮಗಳು ಹತ್ತಕ್ಕೆಲ್ಲ ಫೋನ್ ಸೈಲೆಂಟ್ ಮಾಡಿ ಮಲಗುತ್ತಾಳೆ. ಎದುರು ಮನೆಯ ನಿವೃತ್ತ ಮೇಷ್ಟರಿಗೆ ರಾತ್ರಿ ಎರಡು ಗಂಟೆಯವರೆಗೆ ನಿದ್ದೆ ಬರುವುದಿಲ್ಲ. ನಾನು ಬರೆದದ್ದು ಅವರ ನಂಬರ್.